ಮಕ್ತುಮ್ ಸಾಬರು ಇಳಿಸಿದ ಶ್ರುತಿ

ದಾವಣಗೆರೆಯ ಚೌಕಿಪೇಟೆಯ ಒಂದು ಓಣಿಯಲ್ಲಿ, ಕಂಬಳಿ ಅಂಗಡಿಗೂ ಬೆಲ್ಲದ ಅಂಗಡಿಗೂ ನಡುವೆ, ಒಬ್ಬರು ಕಾಲು ಚಾಚಿ ಕುಳಿತರೆ ಇನ್ನೊಬ್ಬರಿಗೆ ಜಾಗವಿಲ್ಲದಷ್ಟು ಸಣ್ಣ ಅಂಗಡಿಯೊಂದಿತ್ತು. ಅಲ್ಲಿ ಮಕ್ತುಮ್ ಸಾಬರು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರು. ನಾಟಕ ಕಂಪನಿಗಳು ಊರಿಗೆ ಬಂದಾಗ ಅವರಿಗೆ ಉಸಿರಾಡಲು ಬಿಡುವಿರುತ್ತಿರಲಿಲ್ಲ. ಕಂಪನಿಗಳು ಹೋದ ಮೇಲೆ ಊರಿನ ಭಜನೆ ಮನೆಗಳ ಹಳೆಯ ಪೆಟ್ಟಿಗೆಗಳು ಒಂದೊಂದಾಗಿ ಬರುತ್ತಿದ್ದವು. ಯಾವ ಪೆಟ್ಟಿಗೆ ಬಂದರೂ ಅವರು ಮೊದಲು ಅದನ್ನು ನುಡಿಸುತ್ತಿರಲಿಲ್ಲ. ತಿದಿಯನ್ನು ಮೆಲ್ಲಗೆ ಒತ್ತಿ, ಕಣ್ಣು ಮುಚ್ಚಿ, ಗಾಳಿ ಎಲ್ಲಿ ಸೋರುತ್ತಿದೆಯೆಂದು ಕಿವಿಗೊಟ್ಟು ಕೇಳುತ್ತಿದ್ದರು. ರೋಗಿಯ ಎದೆಗೆ ಕಿವಿ ಇಟ್ಟ ಡಾಕ್ಟರಂತೆ ಕಾಣುತ್ತಾರೆಂದು ಪಕ್ಕದ ಅಂಗಡಿಯವರು ನಗುತ್ತಿದ್ದರು.

ಹಾರ್ಮೋನಿಯಂ ಒಳಗೆ ಸ್ವರ ಹುಟ್ಟುವುದು ಹಿತ್ತಾಳೆಯ ತೆಳುವಾದ ನಾಲಗೆಗಳಿಂದ. ಆ ನಾಲಗೆಯ ತುದಿಯನ್ನು ಅರದಿಂದ ಒಂದಿಷ್ಟು ಉಜ್ಜಿದರೆ ಸ್ವರ ಏರುತ್ತದೆ. ಬುಡದಲ್ಲಿ ಉಜ್ಜಿದರೆ ಇಳಿಯುತ್ತದೆ. ಕಣ್ಣಿಗೆ ಕಾಣದಷ್ಟು ಪುಡಿ ಉದುರಿದರೂ ಸಾಕು, ಕಿವಿಗೆ ವ್ಯತ್ಯಾಸ ತಿಳಿಯುತ್ತದೆ. ಮಕ್ತುಮ್ ಸಾಬರು ತಮ್ಮ ತಂದೆಯಿಂದ ಕಲಿತದ್ದು ಇಷ್ಟೇ. ಇಷ್ಟರಲ್ಲಿಯೇ ಅವರ ಸಂಸಾರ ನಡೆದಿತ್ತು.

ಸಾವಿರದ ಒಂಬೈನೂರ ಐವತ್ತನಾಲ್ಕರಲ್ಲಿ ಬಕ್ಕೇಶಪ್ಪ ಮೇಷ್ಟ್ರು ಮಿಲ್ಲಿನ ಕೆಲಸಗಾರರಿಗೆಂದು ಸಂಜೆಯ ಶಾಲೆಯೊಂದನ್ನು ತೆರೆದರು. ದಿನವಿಡೀ ದುಡಿದವರು ಸ್ಲೇಟು ಹಿಡಿದ ಕೂಡಲೇ ತೂಕಡಿಸುತ್ತಿದ್ದರು. ಅವರನ್ನು ಎಚ್ಚರವಾಗಿಡಲು ಮೇಷ್ಟ್ರು ಒಂದು ಹಾಡು ಹೇಳಿಸಿದರು. ಕ್ರಮೇಣ ಸ್ಲೇಟು ಹಿಂದಕ್ಕೆ ಸರಿದು ಹಾಡು ಮುಂದಕ್ಕೆ ಬಂದಿತು. ಹತ್ತಿ ಮಿಲ್ಲಿನ ಹೆಂಗಸರು, ಮಂಡಕ್ಕಿ ಭಟ್ಟಿಯ ಗಂಡಸರು, ಇಬ್ಬರು ಗಾಡಿ ಹೊಡೆಯುವವರು, ಎಲ್ಲ ಸೇರಿ ಇಪ್ಪತ್ತೈದು ಜನರ ಸಂಘವಾಯಿತು. ಅದಕ್ಕೆ ‘ಕೂಡು ಹಾಡಿನ ಸಂಘ’ ಎಂದು ಮೇಷ್ಟ್ರೇ ಹೆಸರಿಟ್ಟರು. ಅದರ ನಿಯಮ ಒಂದೇ: ಕೇಳಲು ಬಂದವರು ಹಾಡದೆ ಮನೆಗೆ ಹೋಗಬಾರದು. ಮುಂದಾಳು ಒಂದು ಸೊಲ್ಲು ಹೇಳಬೇಕು; ಸಂಘ ಅದನ್ನು ಮರಳಿ ಹೇಳಬೇಕು; ಮೂರನೆಯ ಸರದಿ ನೆರೆದ ಜನರದು. ವೇದಿಕೆ ಇಲ್ಲ, ಕುರ್ಚಿ ಇಲ್ಲ. ಎಲ್ಲರೂ ನೆಲದ ಮೇಲೆ.

ಶ್ರುತಿ ಹಿಡಿಯಲು ಒಬ್ಬರು ಬೇಕಾಗಿತ್ತು. ಮೇಷ್ಟ್ರು ಮಕ್ತುಮ್ ಸಾಬರನ್ನು ಕರೆತಂದರು. ಸಾಬರಿಗೆ ಹಾಡಲು ಬಾರದು. ಅವರ ಗಂಟಲು ಹರಿದ ತಿದಿಯಂತಿತ್ತು. ‘ಸಂಘದಾಗೆ ಎಲ್ರಿಗೂ ಬಾಯಿ ಐತೆ, ಕಿವಿ ಇರೋದು ಇವ್ರೊಬ್ರಿಗೇ’ ಎಂದು ಮೇಷ್ಟ್ರು ಎಲ್ಲರೆದುರು ಹೇಳಿದಾಗ ಸಾಬರು ನಾಚಿ ತಲೆ ತಗ್ಗಿಸಿದರು.

ಮರುವರ್ಷ ಆವರಗೆರೆಯಿಂದ ಉಚ್ಚೆಂಗೆಮ್ಮ ಬಂದಳು. ನಲವತ್ತರ ಹತ್ತಿರದ ವಿಧವೆ. ಹತ್ತಿ ಹಿಂಜುವ ಮಿಲ್ಲಿನಲ್ಲಿ ಯಂತ್ರಕ್ಕೆ ಹತ್ತಿ ಉಣಿಸುವ ಕೆಲಸ. ಮೈಲಮ್ಮನೆಂಬ ಹದಿನೈದರ ಮಗಳನ್ನೂ ಜೊತೆಗೆ ಕರೆತಂದಿದ್ದಳು. ಮೊದಲ ದಿನ ಇಬ್ಬರೂ ಎಲ್ಲರ ಹಿಂದೆ ಗೋಡೆಗೆ ಒರಗಿ ಕುಳಿತರು. ನಿನಗೆ ಯಾವ ಹಾಡು ಬರುತ್ತದೆಯೆಂದು ಮೇಷ್ಟ್ರು ಕೇಳಿದಾಗ ಉಚ್ಚೆಂಗೆಮ್ಮ ತಲೆಗೂದಲಿಗೆ ಅಂಟಿದ್ದ ಹತ್ತಿಯ ಎಳೆಗಳನ್ನು ತೆಗೆಯುತ್ತಲೇ ತನ್ನ ತಾಯಿ ಬೀಸುವಾಗ ಹೇಳುತ್ತಿದ್ದ ಹಾಡೊಂದನ್ನು ಎತ್ತಿದಳು.

ಹೊಳಿಯಾಚೆ ದೀಪ ಹಚ್ಯಾರ
ನಮ್ಮ ಹೆಸರ ಹಿಡಿದು ಕೂಗ್ಯಾರ

ಎರಡನೆಯ ಸೊಲ್ಲು ಮೇಲಕ್ಕೆ ಹೋಗಿ ಅಲ್ಲಿಯೇ ನಿಂತಿತು. ಮಕ್ತುಮ್ ಸಾಬರು ಮಡಿಲಲ್ಲಿದ್ದ ಹಾರ್ಮೋನಿಯಂ ಮೇಲೆ ಬೆರಳಾಡಿಸಿ ಅವಳ ಶ್ರುತಿಯನ್ನು ಹುಡುಕಿದರು. ಕಪ್ಪು ನಾಲ್ಕು, ಎಂದರೆ ನಾಲ್ಕನೆಯ ಕಪ್ಪು ಮನೆ. ಅದೂ ಸರಿಯಾಗಿ ಅಲ್ಲ, ಕೂದಲೆಳೆಯಷ್ಟು ಮೇಲೆ. ಮನೆಗೆ ಹೋದವರೇ ಹಳೆಯ ತೇಗದ ಹಲಗೆಗಳನ್ನು ಜೋಡಿಸಿ ಹೊಸ ಶ್ರುತಿ ಪೆಟ್ಟಿಗೆಯೊಂದನ್ನು ಮಾಡಿದರು. ಅದರ ನಾಲಗೆಗಳನ್ನು ಆ ಕೂದಲೆಳೆಗೆ ಸರಿಯಾಗಿ ಉಜ್ಜಿ ಕೂರಿಸಿದರು. ಎಂಟು ದಿನ ಬೇರೆ ಕೆಲಸ ಮುಟ್ಟಲಿಲ್ಲ. ಅವರ ಹೆಂಡತಿ ಸುಗ್ರಾಬಿ, ‘ನನ್ನ ನಿಕಾ ಆಗಿ ಇಪ್ಪತ್ತು ವರ್ಷ ಆತು, ಇಷ್ಟು ಒರೆಸಿ ನನ್ನ ಮಖ ಒಂದು ದಿನ ನೋಡ್ಲಿಲ್ಲ ನೀವು’ ಎಂದಳು.

ರಾಜ್ಯವೊಂದಾದ ವರ್ಷ, ಐವತ್ತಾರರ ಕೊನೆಯಲ್ಲಿ, ಸಂಘ ಹರಿಹರದಲ್ಲಿ ಹಾಡಿತು. ಅಲ್ಲಿಯವರೆಗೆ ಹೊಳೆಯ ಈಚೆ ಮೈಸೂರು, ಆಚೆ ಮುಂಬಯಿ ಎಂದಿತ್ತು. ಆ ದಿನ ಎರಡೂ ದಡದ ಜನ ತುಂಗಭದ್ರೆಯ ಮೆಟ್ಟಿಲುಗಳ ಮೇಲೆ ಕಿಕ್ಕಿರಿದು ಕುಳಿತಿದ್ದರು. ಉಚ್ಚೆಂಗೆಮ್ಮ ಸೊಲ್ಲು ಎತ್ತಿದಳು, ಸಂಘ ಹೇಳಿತು, ಜನ ಹೇಳಿದರು. ‘ನಮ್ಮ ಹೆಸರ ಹಿಡಿದು ಕೂಗ್ಯಾರ’ ಎಂಬುದನ್ನು ಜನ ಏಳು ಸಲ ಹೇಳಿದರೂ ಬಿಡಲಿಲ್ಲ. ಮುದುಕಿಯರು ಮನೆಗೆ ಹೋಗುವಾಗಲೂ ಅದನ್ನೇ ಗುನುಗುತ್ತಾ ಹೋದರು. ಮಕ್ತುಮ್ ಸಾಬರ ಜೀವನದಲ್ಲಿ ಅಂತಹ ಇನ್ನೊಂದು ಸಂಜೆ ಬರಲಿಲ್ಲ.

ಐವತ್ತೆಂಟರ ಚಳಿಗಾಲದಲ್ಲಿ ಉಚ್ಚೆಂಗೆಮ್ಮನಿಗೆ ಕೆಮ್ಮು ಹತ್ತಿತು. ಅದು ಸೋಮವಾರ ಹೆಚ್ಚು, ಶನಿವಾರ ಕಡಿಮೆ. ವಾರದ ರಜೆ ಕಳೆದು ಮಿಲ್ಲಿನ ಒಳಗೆ ಕಾಲಿಟ್ಟರೆ ಮತ್ತೆ ಎದೆ ಬಿಗಿಯುವುದು. ಹತ್ತಿಯ ದೂಳಿನಲ್ಲಿ ಇದ್ದವರಿಗೆಲ್ಲ ಇದು ಇದ್ದದ್ದೇ ಎಂದು ಯಾರೂ ಲೆಕ್ಕಕ್ಕಿಡಲಿಲ್ಲ. ಮಕ್ತುಮ್ ಸಾಬರ ಕಿವಿ ಮಾತ್ರ ಲೆಕ್ಕಕ್ಕಿಟ್ಟಿತು. ಒಂದು ದಿನ ಅಂಗಡಿಯ ಮುಂದೆ ಹೋಗುತ್ತಿದ್ದವಳನ್ನು ಕರೆದು, ಮಿಲ್ಲು ಬಿಟ್ಟು ಬೇರೆ ಕೆಲಸ ನೋಡಬಾರದೇ ಎಂದು ಕೇಳಿದರು. ಅವಳು ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಸೆರಗಿನಿಂದ ಮುಖ ಒರೆಸಿಕೊಂಡಳು.

‘ನಮ್ಮಕ್ಕಗೂ ಹಿಂಗೇ ಆತು ಮಕ್ತುಮಣ್ಣ. ಮೊದ್ಲು ಸೊಲ್ಲು ಹೋತು, ಆಮ್ಯಾಲೆ ಉಸ್ರು ಹೋತು. ನನಗೆ ಗೊತ್ತೈತೆ. ಅದಕ್ಕೇ ಒಂದು ಗುರ್ತು ಇಟ್ಕಂಡೀನಿ. ನಿನ್ನ ಪೆಟ್ಟಿಗಿ ಸುರ ನನ್ನ ಗಂಟ್ಲಿಗೆ ಮುಟ್ಟದಂಗೆ ಆದ ದಿನ ಮಿಲ್ಲಿಗೆ ಕಾಲಿಡಲ್ಲ. ಅಲ್ಲೀ ತನಕ ಕೆಮ್ಮು ಬರೀ ಕೆಮ್ಮು.’

ಸಾಬರು ತಲೆಯಾಡಿಸಿದರು. ಪೆಟ್ಟಿಗೆ ತಮ್ಮ ಕೈಯಲ್ಲಿದೆ, ತಾವು ನೋಡಿಕೊಳ್ಳುತ್ತೇವೆ ಎಂದುಕೊಂಡರು.

ಯುಗಾದಿಗೆ ಮುಂಚೆ ಮಾಯಕೊಂಡದಲ್ಲಿ ಒಂದು ಕಾರ್ಯಕ್ರಮವಿತ್ತು. ಹಿಂದಿನ ದಿನದ ಅಭ್ಯಾಸದಲ್ಲಿ ಉಚ್ಚೆಂಗೆಮ್ಮನ ಮೇಲಿನ ಸೊಲ್ಲು ಮುಟ್ಟುವ ಮುನ್ನವೇ ಜಾರಿತು. ಎರಡನೆಯ ಸಲವೂ ಜಾರಿತು. ಇಪ್ಪತ್ತೈದು ಜನ ಅವಳನ್ನೇ ನೋಡುತ್ತಿದ್ದರು. ಅವಳು ನಕ್ಕು, ಗಂಟಲು ಕಟ್ಟಿದೆ ಎಂದಳು. ಆದರೆ ಅವಳ ಕಣ್ಣು ಪೆಟ್ಟಿಗೆಯ ಮೇಲೆ ನೆಟ್ಟಿತ್ತು. ಪೊಲೀಸರನ್ನು ನೋಡುವವರ ಕಣ್ಣು ಅದು. ಆ ಕಣ್ಣನ್ನು ಮಕ್ತುಮ್ ಸಾಬರಿಗೆ ತಾಳಲಾಗಲಿಲ್ಲ. ನಾಳೆ ಒಂದು ಸಂಜೆ ದಾಟಿದರೆ ಸಾಕು, ಇದು ಬರೀ ಶೀತವಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡರು. ಮನೆಗೆ ಬಂದು ಪೆಟ್ಟಿಗೆ ಬಿಚ್ಚಿ, ನಾಲಗೆಗಳ ಬುಡದಲ್ಲಿ ಅರವನ್ನು ಮೆಲ್ಲಗೆ ಎಳೆದರು. ಒಂದಿಷ್ಟೇ. ಉದುರಿದ ಹಿತ್ತಾಳೆಯ ಪುಡಿಯನ್ನು ಊದಿಬಿಡಲು ಮನಸ್ಸು ಬಾರದೆ ಖಾಲಿ ಬೆಂಕಿಪೊಟ್ಟಣವೊಂದಕ್ಕೆ ಹಾಕಿದರು.

ಮಾಯಕೊಂಡದಲ್ಲಿ ಉಚ್ಚೆಂಗೆಮ್ಮ ಸುರ ಮುಟ್ಟಿದಳು. ಹಿಂತಿರುಗುವ ರೈಲಿನಲ್ಲಿ ಎಲ್ಲರಿಗೂ ಮಂಡಕ್ಕಿ ಹಂಚಿದಳು. ಸೋಮವಾರ ಮಿಲ್ಲಿಗೆ ಹೋದಳು.

ಒಂದು ಸಲ ಇಳಿಸಿದ್ದನ್ನು ಏರಿಸಬೇಕೆಂದು ಸಾಬರು ಪ್ರತಿ ವಾರವೂ ಅಂದುಕೊಂಡರು. ಏರಿಸಿದರೆ ಅವಳು ಜಾರುತ್ತಾಳೆ. ಜಾರಿದರೆ ಹಾಡೂ ಇಲ್ಲ, ಸಂಘವೂ ಇಲ್ಲ. ಅವಳ ಮೇಲಿನ ಕನಿಕರದ ಕೆಳಗೆ ಇನ್ನೊಂದು ಆಸೆಯೂ ಇತ್ತೆಂಬುದನ್ನು ಅವರು ಬಹಳ ಕಾಲದ ಮೇಲೆ ಒಪ್ಪಿಕೊಂಡರು: ಆ ದನಿ ಅವರಿಗೆ ಬೇಕಾಗಿತ್ತು. ಒಂದೂಕಾಲು ವರ್ಷದಲ್ಲಿ ಏಳು ಸಲ ಪೆಟ್ಟಿಗೆ ಬಿಚ್ಚಿದರು. ಕಪ್ಪು ನಾಲ್ಕಿನ ಮೇಲಿದ್ದ ಶ್ರುತಿ ಅದರ ಕೆಳಗಿನ ಬಿಳಿ ಐದಕ್ಕಿಂತಲೂ ಕೆಳಗೆ ಬಂತು. ಅಷ್ಟಷ್ಟೇ ಇಳಿದದ್ದರಿಂದ ಯಾರಿಗೂ ತಿಳಿಯಲಿಲ್ಲ. ಉಚ್ಚೆಂಗೆಮ್ಮನ ದನಿ ಈಚೆಗೆ ಗಂಭೀರವಾಗಿದೆ ಎಂದು ಮೇಷ್ಟ್ರು ಮೆಚ್ಚಿಕೊಂಡರು. ಅವಳು ಪ್ರತಿ ವಾರ ಹಾಡು ಮುಗಿಸಿ ಸಾಬರ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದಳು. ನೋಡಿದ್ಯಾ, ಮುಟ್ಟಿದೆ ಎಂದು.

ಅರವತ್ತರ ಆಷಾಢದಲ್ಲಿ ಅವಳು ಎರಡು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಇಷ್ಟು ದಿನ ಯಾಕೆ ಕರೆತರಲಿಲ್ಲವೆಂದು ಡಾಕ್ಟರು ಮೈಲಮ್ಮನನ್ನು ಕೇಳಿದರು. ಬಾಗಿಲ ಬಳಿ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ ಮಕ್ತುಮ್ ಸಾಬರಿಗೆ ಆ ಹುಡುಗಿಯ ಉತ್ತರ ಕೇಳಿಸಿತು.

‘ಹೋದ ಭಾನುವಾರ ಸೈತ ಹಾಡಿದ್ಳು ಸಾರ್. ಸುರ ಮುಟ್ತಿತ್ತು.’

ಅಂದಿನಿಂದ ಪೆಟ್ಟಿಗೆ ಅವರ ಮನೆಯಲ್ಲಿ ಸುಮ್ಮನಿರಲಿಲ್ಲ. ಮೋಡ ಕವಿದ ದಿನ ತಿದಿಯ ಚರ್ಮ ತೇವಕ್ಕೆ ಉಬ್ಬಿ, ಒಳಗೆ ಉಳಿದ ಗಾಳಿ ತಾನಾಗಿ ಹೊರಗೆ ಬರುವುದುಂಟು. ಇದು ಆ ಕಸುಬಿನವರಿಗೆಲ್ಲ ಗೊತ್ತು. ಮಕ್ತುಮ್ ಸಾಬರಿಗೂ ಗೊತ್ತಿತ್ತು. ಆದರೂ ಮಧ್ಯಾಹ್ನ ಊಟಕ್ಕೆ ಕುಳಿತಾಗ ಪೆಟ್ಟಿಗೆ ಇಟ್ಟಿದ್ದ ಗೋಡೆಯ ಗೂಡಿನೊಳಗಿಂದ ಉಸಿರು ಬಿಟ್ಟ ಸದ್ದು ಕೇಳಿದರೆ ಅವರ ಕೈಯ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಮೊದಲು ಒಂದು ಉಸಿರು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು. ಎರಡರ ನಡುವೆ ಕೆಮ್ಮು ಬರುವ ಮುಂಚಿನ ಮೌನ. ಸುಗ್ರಾಬಿ ಪೆಟ್ಟಿಗೆಯ ಮೇಲೆ ದುಪ್ಪಟಿ ಹೊದಿಸಿದಳು. ಅಂಗಡಿಯಲ್ಲಿ ಬೇರೆಯವರ ಹಾರ್ಮೋನಿಯಂಗೆ ಕಿವಿ ಇಟ್ಟರೂ ಅವರಿಗೆ ಸೋರುವ ಗಾಳಿ ಕೇಳಿಸಲಿಲ್ಲ. ಸೋಮವಾರದ ಆ ಎದೆ ಕೇಳಿಸಿತು.

ಸಂಘದವರು ಬೇರೆಯೇ ರೀತಿ ತಿಳಿದರು. ಉಚ್ಚೆಂಗೆಮ್ಮ ಪೆಟ್ಟಿಗೆಯಲ್ಲಿ ಬಂದು ಕೂತಿದ್ದಾಳೆ, ಅದಕ್ಕೇ ಅದರ ನಾದ ಹೀಗಿದೆ ಎಂದು ಪ್ರೀತಿಯಿಂದ ಮಾತಾಡಿಕೊಂಡರು. ಹಾಡಲು ಕೂರುವ ಮುನ್ನ ಅದರ ಮೇಲೊಂದು ಹೂ ಇಡುವುದು ರೂಢಿಯಾಯಿತು. ಪ್ರತಿ ವಾರ ಆ ಹೂವನ್ನು ಎತ್ತಿ ಪಕ್ಕಕ್ಕಿಟ್ಟು ತಿದಿ ಒತ್ತಬೇಕಾದವರು ಮಕ್ತುಮ್ ಸಾಬರೇ.

ಮುಂದಾಳಿನ ಜಾಗಕ್ಕೆ ಮೈಲಮ್ಮ ಬಂದಳು. ಮಿಲ್ಲಿನಲ್ಲಿಯೂ ತಾಯಿ ನಿಲ್ಲುತ್ತಿದ್ದ ಯಂತ್ರದ ಮುಂದೆ ಅವಳೇ ನಿಂತಳು. ದನಿ ತಾಯಿಯದೇ, ನಗು ಮಾತ್ರ ಜಾಸ್ತಿ. ಅರವತ್ತೊಂದರಲ್ಲಿ, ಮಳೆ ನಿಂತ ಮೇಲೆ, ಅವಳೂ ಕೆಮ್ಮತೊಡಗಿದಳು. ಸೋಮವಾರ ಹೆಚ್ಚು, ಶನಿವಾರ ಕಡಿಮೆ. ಕಾರ್ತಿಕದಲ್ಲಿ ಸಂಘ ಐದು ವರ್ಷಗಳ ಮೇಲೆ ಮತ್ತೆ ಹರಿಹರಕ್ಕೆ ಹೋಗುವುದೆಂದು ಗೊತ್ತಾಗಿತ್ತು. ಅದಕ್ಕೆ ಹತ್ತು ದಿನ ಮುಂಚೆ ಅವಳು ಅಂಗಡಿಗೆ ಬಂದು, ತಾಯಿ ಕುಳಿತಿದ್ದ ಮೆಟ್ಟಿಲ ಮೇಲೆಯೇ ಕುಳಿತಳು.

‘ಮಾವ, ಯಾರಿಗೂ ಹೇಳ್ಬ್ಯಾಡ್ರಿ. ಪೆಟ್ಟಿಗಿ ಒಂದ್ ಚೂರು ಇಳಿಸ್ರಿ. ಹರಿಹರದ್ದು ಒಂದು ಮುಗೀಲಿ ಸಾಕು.’

ಸಾಬರು ಕೈಯಲ್ಲಿದ್ದ ಅರವನ್ನು ಕೆಳಗಿಟ್ಟರು. ಮಿಲ್ಲಿನ ಮಾತು ತೆಗೆದರು. ಅವಳು ಕೈ ಬೀಸಿದಳು. ಇದು ಬರೀ ನೆಗಡಿ, ಹದಿನೈದು ದಿನದಲ್ಲಿ ಹೋಗುತ್ತದೆ ಎಂದಳು. ಆಮೇಲೆ ಕೇಳಿದಳು.

‘ಅವ್ವ ಕೊನೀ ವಾರದ ತನಕ ಇದೇ ಸುರ ಮುಟ್ಟಿದ್ಳು. ಇಪ್ಪತ್ತೊಂದು ವರ್ಷದ ನನಗ್ಯಾಕ ಆಗವಲ್ದು?’

ಅವರಿಗೆ ಉತ್ತರ ಗೊತ್ತಿತ್ತು. ಆ ಉತ್ತರ ಬೆಂಕಿಪೊಟ್ಟಣದೊಳಗೆ, ಎದೆಯ ಪಕ್ಕದ ಜೇಬಿನಲ್ಲಿಯೇ ಇತ್ತು. ನೋಡ್ತೀನಿ ಮಗಳೇ ಎಂದಷ್ಟೇ ಹೇಳಿ ಕಳುಹಿಸಿದರು.

ಆ ಸಂಜೆ ಅವರು ಹೆಂಡತಿಗೆ ಮೊದಲ ಸಲ ಎಲ್ಲವನ್ನೂ ಹೇಳಿದರು. ಏಳು ಸಲ ಬಿಚ್ಚಿದ್ದು, ಬೆಂಕಿಪೊಟ್ಟಣ, ಉಚ್ಚೆಂಗೆಮ್ಮ ಇಟ್ಟುಕೊಂಡಿದ್ದ ಗುರುತು. ಸುಗ್ರಾಬಿ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ಕೊನೆಗೆ ಮೊರವನ್ನು ಕೆಳಗಿಟ್ಟು ಹೇಳಿದಳು.

‘ಸತ್ತೋಳ ಹತ್ರ ಮಾಫಿ ಕೇಳೋಕೆ ಹೋದ್ರೆ ಬಾಗ್ಲು ಹಾಕೈತೆ. ಇದ್ದೋಳ ಬಾಗ್ಲು ತೆರೆದೈತಲ್ರಿ, ಅಲ್ಲಿಗೆ ಹೋಗ್ರಿ.’

ಮರುದಿನ ಅವರು ಆವರಗೆರೆಗೆ ನಡೆದು ಹೋದರು. ಮೈಲಮ್ಮ ಅಂಗಳದಲ್ಲಿ ತಾಯಿಯ ಹಸಿರು ಸೀರೆಯನ್ನು ಒಗೆದು ಹಗ್ಗಕ್ಕೆ ಹರಡುತ್ತಿದ್ದಳು. ಹರಿಹರಕ್ಕೆ ಅದನ್ನೇ ಉಡುತ್ತೇನೆ ಎಂದು ನಗುತ್ತಾ ತೋರಿಸಿದಳು. ಸಾಬರು ಅವಳು ಕೊಟ್ಟ ಚಹಾ ಕುಡಿದು, ಮಳೆಯ ಮಾತಾಡಿ, ಹಾಗೆಯೇ ಹಿಂತಿರುಗಿದರು. ತಮ್ಮ ನಾಲಗೆ ಏಳದೆಂದು ಖಚಿತವಾಯಿತು; ಪೆಟ್ಟಿಗೆಯ ನಾಲಗೆಯೇ ಹೇಳಲಿ ಎಂದುಕೊಂಡರು. ಪೆಟ್ಟಿಗೆ ಬಿಚ್ಚಿ, ಬುಡ ಸವೆದು ಕಾಗದದಂತಾಗಿದ್ದ ಹಳೆಯ ನಾಲಗೆಗಳನ್ನು ತೆಗೆದಿಟ್ಟರು. ಹೊಸ ಹಿತ್ತಾಳೆಯ ನಾಲಗೆಗಳನ್ನು ಕೂರಿಸಿ, ಐವತ್ತೈದರ ಆ ಮೊದಲ ಸಂಜೆಯ ದನಿಯನ್ನು ಕಿವಿಯೊಳಗಿಂದ ಹುಡುಕಿ ತೆಗೆದು, ಅದಕ್ಕೆ ಸರಿಯಾಗಿ ಶ್ರುತಿ ಮಾಡಿದರು. ಕಪ್ಪು ನಾಲ್ಕು, ಅದಕ್ಕಿಂತ ಕೂದಲೆಳೆಯಷ್ಟು ಮೇಲೆ. ಹರಿಹರದವರೆಗೆ ಪೆಟ್ಟಿಗೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಹರಿಹರದ ಮೆಟ್ಟಿಲುಗಳ ಮೇಲೆ ಆ ದಿನ ಮಧ್ಯಾಹ್ನದಿಂದಲೇ ಜನ. ಹೊಳೆ ತುಂಬಿ ಹರಿಯುತ್ತಿತ್ತು. ಸಾಬರು ಹೂವನ್ನು ಪಕ್ಕಕ್ಕಿಟ್ಟು ತಿದಿ ಒತ್ತಿದರು. ಮೊದಲ ನಾದಕ್ಕೇ ಮೈಲಮ್ಮ ಕತ್ತು ತಿರುಗಿಸಿ ಅವರನ್ನು ನೋಡಿದಳು. ಅವರು ತಲೆ ಎತ್ತಲಿಲ್ಲ. ಜನ ಕಾಯುತ್ತಿದ್ದುದರಿಂದ ಅವಳು ಹಾಡಲೇಬೇಕಾಯಿತು. ‘ಹೊಳಿಯಾಚೆ ದೀಪ ಹಚ್ಯಾರ’ ಎಂಬುದು ಹೇಗೋ ಬಂತು. ಸಂಘ ತಡವರಿಸುತ್ತಾ ಮರಳಿ ಹೇಳಿತು. ಮೇಲಿನ ಸೊಲ್ಲಿಗೆ ಅವಳು ಉಸಿರೆಳೆದಳು. ಮೂರು ಅಕ್ಷರ ಬಂದವು. ಅಲ್ಲಿ ದನಿ ಒಡೆದು ಕೆಮ್ಮಾಯಿತು. ಅವಳು ಹಸಿರು ಸೆರಗನ್ನು ಬಾಯಿಗೆ ಒತ್ತಿಕೊಂಡು ಬಾಗಿದಳು. ಸಂಘ ಬಾಯಿ ತೆರೆಯಲಿಲ್ಲ. ಕೊಡದ ಸೊಲ್ಲನ್ನು ಮರಳಿ ಹೇಳುವುದು ಹೇಗೆ? ಪೆಟ್ಟಿಗೆಯ ನಾದವೊಂದೇ ಹೊಳೆಯ ಮೇಲೆ ನಿಂತಿತ್ತು. ಸಾಬರು ತಿದಿ ಬಿಡಲಿಲ್ಲ.

ಆಗ ಮೆಟ್ಟಿಲುಗಳ ಮೇಲಿನ ಸಾಲಿನಿಂದ, ಐದು ವರ್ಷದ ಹಿಂದೆ ಅದನ್ನು ಕಲಿತು ಹೋಗಿದ್ದ ಮುದುಕಿಯರು, ಯಾರೂ ಕೊಡದಿದ್ದರೂ ಆ ಸೊಲ್ಲನ್ನು ಎತ್ತಿದರು. ‘ನಮ್ಮ ಹೆಸರ ಹಿಡಿದು ಕೂಗ್ಯಾರ.’ ಅಂದು ಕಲಿತ ಎತ್ತರದಲ್ಲಿಯೇ ಎತ್ತಿದರು. ಅದು ಪೆಟ್ಟಿಗೆಯ ಹೊಸ ನಾದಕ್ಕೆ ಎಳ್ಳಷ್ಟೂ ಹೆಚ್ಚುಕಡಿಮೆಯಿಲ್ಲದೆ ಕೂಡಿತು. ಆಮೇಲೆ ಇಡೀ ದಡವೇ ಹಾಡಿತು. ಆ ನೂರಾರು ದನಿಗಳ ನಡುವೆ ಒಂದು ದನಿಯನ್ನು ಮಕ್ತುಮ್ ಸಾಬರು ಬೇರೆಯಾಗಿ ಕೇಳಿದರು. ಕೆಮ್ಮಿಲ್ಲದ, ಎಲ್ಲೂ ಜಾರದ ದನಿ. ಅವರು ತಲೆ ಎತ್ತಿ ಸಾಲುಸಾಲಾಗಿ ಮುಖಗಳನ್ನು ಹುಡುಕಿದರು. ಪಕ್ಕದಲ್ಲಿ ಮೈಲಮ್ಮನೂ ಸೆರಗಿನ ಮೇಲಿಂದ ಅದೇ ಕಡೆ ನೋಡುತ್ತಿದ್ದಳು.

ಹಿಂತಿರುಗುವ ರೈಲಿಗೆ ಇನ್ನೂ ಹೊತ್ತಿತ್ತು. ಹರಿಹರದ ಸ್ಟೇಷನ್ನಿನಲ್ಲಿ ಸಂಘದವರು ದೂರದಲ್ಲಿ ಕುಳಿತು ಮಾತಾಡುತ್ತಿದ್ದರು. ಮೈಲಮ್ಮ ಬಂದು ಸಾಬರ ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು.

‘ಇಳಿಸ್ರಿ ಅಂದ್ರೆ ಏರ್ಸೀರಿ ಮಾವ.’

‘ಏರ್ಸಿಲ್ಲವ್ವ. ನಿಮ್ಮವ್ವನ ಸುರ ಅದು. ಇಳ್ಸಿದ್ದು ಮೊದ್ಲು.’

ಅವರು ಎಲ್ಲವನ್ನೂ ಹೇಳಿದರು. ಮೆಟ್ಟಿಲ ಮೇಲೆ ಉಚ್ಚೆಂಗೆಮ್ಮ ಹೇಳಿದ ಗುರುತಿನ ಮಾತು, ಮಾಯಕೊಂಡ, ಏಳು ಸಲ. ಆ ದನಿ ತಮಗೆ ಬೇಕಾಗಿತ್ತು ಎಂಬುದನ್ನೂ ಬಿಡದೆ ಹೇಳಿದರು. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಬೆಂಚಿನ ಮೇಲಿಟ್ಟರು. ಮೈಲಮ್ಮ ಅದನ್ನು ತೆರೆದಳು. ಚಿಟಿಕೆಯಷ್ಟು ಪುಡಿ, ಸ್ಟೇಷನ್ನಿನ ಬೆಳಕಿಗೆ ಹಳದಿಯಾಗಿ ಹೊಳೆಯಿತು. ಅವಳು ಬಹಳ ಹೊತ್ತು ನೋಡಿದಳು.

‘ಅವ್ವ ತನ್ನ ಉಸ್ರು ಅಳೆಯೋ ಗಜ ಅಂತ ನಿಮ್ಮ ಕೈಗೆ ಕೊಟ್ಟಿದ್ಳು. ಅದನ್ನೇ ಕೊರೆದ್ರೇನು ಮಾವ.’

ಅವಳು ಪೊಟ್ಟಣ ಮುಚ್ಚಿ ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಚಿದಳು.

‘ಇದು ನಿಮ್ಮ ಹತ್ರಾನೇ ಇರ್ಲಿ.’

ರೈಲು ಬಂದಾಗ ಅವಳು ಬೇರೆ ಡಬ್ಬಿಯಲ್ಲಿ ಹತ್ತಿದಳು.

ತಿಂಗಳು ಕಳೆಯುವುದರೊಳಗೆ ಮೈಲಮ್ಮ ಮಿಲ್ಲು ಬಿಟ್ಟಳು. ಬಕ್ಕೇಶಪ್ಪ ಮೇಷ್ಟ್ರು ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನೀರು ತುಂಬುವ, ಗಂಟೆ ಬಾರಿಸುವ ಕೆಲಸ ಕೊಡಿಸಿದರು. ಕೆಮ್ಮು ಪೂರ್ತಿ ಹೋಗಲಿಲ್ಲ. ಆದರೆ ಸೋಮವಾರಕ್ಕೂ ಶನಿವಾರಕ್ಕೂ ವ್ಯತ್ಯಾಸವಿಲ್ಲದಂತಾಯಿತು. ಸಂಘಕ್ಕೆ ಅವಳು ತಪ್ಪದೆ ಬಂದಳು. ತಿಂಗಳುಗಟ್ಟಲೆ ಸಾಬರೊಡನೆ ಮಾತಿಲ್ಲ. ಮಾರುದೂರದಲ್ಲಿ ಕುಳಿತಿದ್ದರೂ, ‘ಶ್ರುತಿ ಹಾಕಾಕೆ ಹೇಳ್ರಿ’ ಎಂದು ಮೇಷ್ಟ್ರಿಗೆ ಹೇಳುತ್ತಿದ್ದಳು. ಮೇಷ್ಟ್ರು ಅದನ್ನು ಸಾಬರಿಗೆ ಹೇಳುತ್ತಿದ್ದರು. ಇದೇಕೆಂದು ಮೇಷ್ಟ್ರಿಗೂ ಯಾರೂ ಹೇಳಲಿಲ್ಲ. ಮರುವರ್ಷದ ಆಷಾಢದಲ್ಲಿ, ತಾಯಿಯ ತಿಥಿಯಾದ ವಾರ, ಅವಳು ಮೇಷ್ಟ್ರ ಕಡೆ ತಿರುಗದೆ ಹೇಳಿದಳು: ‘ಮಾವ, ಶ್ರುತಿ ಹಾಕ್ರಿ.’

ಶ್ರುತಿಯನ್ನು ಮತ್ತೆ ಇಳಿಸಲಿಲ್ಲ. ಆ ಎತ್ತರ ಮೈಲಮ್ಮನಿಗೆ ಎಂದೂ ಸಿಗಲಿಲ್ಲ. ಮೇಲಿನ ಸೊಲ್ಲು ಬಂದಾಗ ಅವಳು ಬಾಯಿ ಮುಚ್ಚಿ ಕುಳಿತುಬಿಡುತ್ತಿದ್ದಳು, ಸಂಘವೂ ಸುಮ್ಮನಿರುತ್ತಿತ್ತು, ಜನರೇ ಅದನ್ನು ಎತ್ತಿಕೊಳ್ಳುತ್ತಿದ್ದರು. ಹೊಸಬರು ಅದನ್ನು ಸಂಘದ ಪದ್ಧತಿಯೆಂದೇ ತಿಳಿದರು.

ಮಕ್ತುಮ್ ಸಾಬರು ಅರವತ್ತೊಂಬತ್ತನೆಯ ಇಸವಿಯವರೆಗೆ, ಕೈ ಸೋಲುವವರೆಗೆ, ತಿದಿ ಒತ್ತಿದರು. ಬೆಂಕಿಪೊಟ್ಟಣ ಮೂರು ಅಂಗಿಗಳ ಜೇಬು ಸವೆಸಿತು. ಮೇಲಿನ ಸೊಲ್ಲಿನ ಮುಂಚೆ ಎಲ್ಲರೂ ಸುಮ್ಮನಾಗುವ ಆ ಒಂದು ಗಳಿಗೆ ಬಂದಾಗ ಅವರು ಕಣ್ಣು ಮುಚ್ಚುತ್ತಿದ್ದರು. ತಿದಿ ಅವರ ಕೈಯಲ್ಲಿ ಒಂದೇ ಸಮನೆ ಆಡುತ್ತಿತ್ತು, ಎಲ್ಲಿಯೂ ಸೋರುತ್ತಿರಲಿಲ್ಲ. ಆದರೂ ಜನ ಹಾಡಲು ತೊಡಗುವ ಮುನ್ನ, ಪ್ರತಿ ಸಲವೂ, ಅವರ ಎಡಗಿವಿಯ ಹತ್ತಿರ ಯಾರೋ ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದರು.